ಒಂದೇ ಸಮ, ಹಲವು ನಡೆ

ಗಣೇಶನ ಹಬ್ಬ ಮುಗಿದ ಮೇಲಿನ ಒಂದು ಭಾನುವಾರದ ಸಂಜೆ. ರಾಜಾಜಿನಗರದ ನವರಂಗ್ ವೃತ್ತದ ಹತ್ತಿರ ಬಸ್ಸಿಗೆ ಕಾದು ನಿಂತವರಿಗೆ ಈ ಅನುಭವ ಒಮ್ಮೆಯಾದರೂ ಆಗಿರುತ್ತದೆ. ಒಂದು ರಸ್ತೆಯಿಂದ ಒಂದು ಬೀದಿಯ ಗಣಪತಿ ಬರುತ್ತಾನೆ, ಮುಂದೆ ತಮಟೆಯವರು. ಇನ್ನೊಂದು ರಸ್ತೆಯಿಂದ ಮತ್ತೊಂದು ಬೀದಿಯ ಗಣಪತಿ, ಮುಂದೆ ಬ್ಯಾಂಡ್‌ಸೆಟ್ಟು. ತಮಟೆಯ ಪೆಟ್ಟು ಚುರುಕು, ಬ್ಯಾಂಡಿನದು ತುಸು ನಿಧಾನ. ಎರಡೂ ಹತ್ತಿರವಾದಾಗ ಕಿವಿ ತಬ್ಬಿಬ್ಬಾಗುತ್ತದೆ. ಒಮ್ಮೆ ಎರಡು ಪೆಟ್ಟುಗಳೂ ಒಂದರ ಮೇಲೊಂದು ಬಿದ್ದಂತೆ ಅನ್ನಿಸುತ್ತದೆ, ಮರುಕ್ಷಣ ಬೇರೆಯಾಗುತ್ತವೆ, ಕುಣಿಯುತ್ತಿದ್ದ ಹುಡುಗರ ಹೆಜ್ಜೆ ತಪ್ಪುತ್ತದೆ. ಹಿರಿಯರು ಕಿವಿ ಮುಚ್ಚಿಕೊಂಡು 'ಏನು ಗಲಾಟೆಯಪ್ಪಾ' ಎನ್ನುತ್ತಾರೆ.

ಗಲಾಟೆಯೆಂಬುದು ನಿಜ. ಆದರೆ ಅದನ್ನೇ ಲೆಕ್ಕ ಹಾಕಿ ಕಟ್ಟಿದರೆ ಏನಾಗುತ್ತದೆ?

ಅಮೆರಿಕದ ಡ್ಯಾನ್‌ಬರಿ ಎಂಬ ಊರಿನಲ್ಲಿ ಜಾರ್ಜ್ ಐವ್ಸ್ ಎಂಬ ಬ್ಯಾಂಡ್ ಮಾಸ್ಟರ್ ಇದ್ದ. ಎರಡು ಬ್ಯಾಂಡುಗಳನ್ನು ಎದುರುಬದುರು ನಡೆಸಿ, ಬೇರೆ ಬೇರೆ ಹಾಡು ನುಡಿಸಲು ಹೇಳಿ, ಎರಡೂ ಒಂದನ್ನೊಂದು ದಾಟುವಾಗ ಹುಟ್ಟುವ ಸದ್ದನ್ನು ಆಸಕ್ತಿಯಿಂದ ಕೇಳುತ್ತಿದ್ದನಂತೆ. ಊರವರು ನಕ್ಕರು. ಆದರೆ ಅವನ ಮಗ ಚಾರ್ಲ್ಸ್ ಐವ್ಸ್ (ಜನನ 1874) ಮುಂದೆ ಸಂಗೀತ ರಚನೆಕಾರನಾಗಿ, ಎರಡು ಮೆರವಣಿಗೆ ವಾದ್ಯಗಳು ಎರಡು ವೇಗದಲ್ಲಿ ನಡೆಯುವಂಥ ಭಾಗಗಳನ್ನು ತನ್ನ ವಾದ್ಯವೃಂದದ ಕೃತಿಗಳಲ್ಲೇ ಬರೆದ. ಏಕಕಾಲದಲ್ಲಿ ಹಲವು ವೇಗ ಎಂಬ ವಿಚಾರ ಪಶ್ಚಿಮದಲ್ಲಿ ಇಪ್ಪತ್ತನೆಯ ಶತಮಾನದ ಹೊಸ ಸಾಹಸವೆಂದು ಹೆಸರಾಯಿತು. ವಾಸ್ತವವಾಗಿ ಹದಿನೈದನೆಯ ಶತಮಾನದ ಓಕೆಗೆಮ್ ಎಂಬ ಸಂಗೀತಗಾರನೇ ಒಂದೇ ಸ್ವರಸಾಲನ್ನು ಬೇರೆ ಬೇರೆ ಕಾಲಪ್ರಮಾಣದಲ್ಲಿ ಒಟ್ಟಿಗೆ ಹಾಡುವಂತೆ ರಚಿಸಿದ್ದ. ನಡುವೆ ಅದು ಮರೆತಂತಾಗಿತ್ತು, ಅಷ್ಟೇ. ಇತ್ತ ಬೆಂಗಳೂರಿನ ರಾಮನವಮಿ ಚಪ್ಪರದಲ್ಲಿ, ಪಾನಕ ಕೋಸಂಬರಿಗೆ ಮುಂಚಿನ ತನಿ ಆವರ್ತನದಲ್ಲಿ, ಇಂಥದ್ದು ಯಾವ ಸದ್ದುಗದ್ದಲವಿಲ್ಲದೆ ನಡೆದುಕೊಂಡೇ ಬಂದಿದೆ.

ಮೊದಲು ಸಿಗ್ನಲ್ಲಿನಲ್ಲಿ ನಿಂತ ಎರಡು ವಾಹನಗಳನ್ನು ನೋಡೋಣ. ವಿಜಯನಗರದಿಂದ ಮಾಗಡಿ ರಸ್ತೆಯ ಕಡೆ ತಿರುಗಲು ನಿಂತಿರುವ ಆಟೋ ಮತ್ತು ಕಾರು ಎರಡರ ಇಂಡಿಕೇಟರುಗಳೂ ಮಿಣುಕುತ್ತಿವೆ. ಒಂದು ನಿಮಿಷಕ್ಕೆ 80 ಸಲ, ಇನ್ನೊಂದು 85 ಸಲ ಎಂದಿಟ್ಟುಕೊಳ್ಳಿ. ಈಗ ಎರಡೂ ಒಟ್ಟಿಗೆ ಮಿಣುಕಿದರೆ ಮುಂದಿನ ಸಲ ಒಟ್ಟಾಗುವುದು ಯಾವಾಗ? ವ್ಯತ್ಯಾಸ ನಿಮಿಷಕ್ಕೆ 5. ಆದ್ದರಿಂದ 12 ಸೆಕೆಂಡಿಗೊಮ್ಮೆ. ಅಷ್ಟರಲ್ಲಿ ಒಂದು 16 ಸಲ, ಇನ್ನೊಂದು 17 ಸಲ ಮಿಣುಕಿರುತ್ತದೆ. ಬಸ್ಸಿನ ಕಿಟಕಿಯಲ್ಲಿ ಕುಳಿತು ಇದನ್ನು ಎಣಿಸಿ ನೋಡಿ, ಸಿಗ್ನಲ್ಲು ಬೇಗ ಬಿಟ್ಟಿತಲ್ಲಾ ಅನ್ನಿಸುತ್ತದೆ. ಬೇರೆ ಬೇರೆ ವೇಗದ ಎರಡು ವಸ್ತುಗಳು ಮತ್ತೆ ಕೂಡುವ ಆ ಘಳಿಗೆಯೇ ಇಡೀ ವಿಷಯದ ಕೀಲಿ. ನಮ್ಮ ಸಂಗೀತದಲ್ಲಿ ಅದಕ್ಕೆ 'ಸಮ' ಎಂದು ಹೆಸರು. ಮೆರವಣಿಗೆಯ ಎರಡು ತಂಡಗಳಿಗೆ ಸಮವಿಲ್ಲ, ಅದಕ್ಕೇ ಅದು ಗಲಾಟೆ.

ಆದಿತಾಳಕ್ಕೆ 8 ಅಕ್ಷರ. ಸೆಕೆಂಡಿಗೆ ಒಂದು ಅಕ್ಷರದಂತೆ ಕೈಯಲ್ಲಿ ತಾಳ ಹಾಕಿದರೆ ಒಂದು ಆವರ್ತಕ್ಕೆ 8 ಸೆಕೆಂಡು. ಪ್ರತಿ ಅಕ್ಷರದೊಳಗೆ ಎಷ್ಟು ಮಾತ್ರೆ ತುಂಬುತ್ತೇವೆ ಎಂಬುದು ಗತಿ, ಅಂದರೆ ನಡೆ. ನಾಲ್ಕಾದರೆ ಚತುರಶ್ರ (ತಕದಿಮಿ), ಮೂರಾದರೆ ತಿಶ್ರ (ತಕಿಟ), ಐದು ಖಂಡ (ತಕತಕಿಟ), ಏಳು ಮಿಶ್ರ (ತಕಿಟತಕದಿಮಿ), ಒಂಬತ್ತು ಸಂಕೀರ್ಣ. ಒಬ್ಬರು ಚತುರಶ್ರದಲ್ಲಿ, ಇನ್ನೊಬ್ಬರು ಖಂಡದಲ್ಲಿ ಒಟ್ಟಿಗೆ ನುಡಿಸಿದರೆ ಒಬ್ಬರ ಮಾತ್ರೆಗೆ ಕಾಲು ಸೆಕೆಂಡು, ಇನ್ನೊಬ್ಬರದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗ. ವ್ಯತ್ಯಾಸ ಬರೀ 0.05 ಸೆಕೆಂಡು. ಆದರೂ ಅಕ್ಷರ ಬಿದ್ದಾಗಲೆಲ್ಲ ಇಬ್ಬರೂ ಕೂಡುತ್ತಾರೆ.

ಮೂರು, ನಾಲ್ಕು, ಐದು, ಏಳು ನಾಲ್ಕೂ ನಡೆಗಳನ್ನು ಒಟ್ಟಿಗೆ ಇಟ್ಟರೆ? ಲಸಾಅ ತೆಗೆಯಿರಿ: 420. ಒಂದು ಸೆಕೆಂಡನ್ನು 420 ಭಾಗ ಮಾಡಿದರೆ ಮಾತ್ರ ಎಲ್ಲರ ಪೆಟ್ಟೂ ಗೆರೆಯ ಮೇಲೆ ಕೂರುತ್ತವೆ. ಅಷ್ಟನ್ನು ಎಣಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ, ಎಣಿಸಬೇಕಾದ ಅಗತ್ಯವೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಸೊಲ್ಲನ್ನು ಬಾಯಿಪಾಠ ಮಾಡಿಕೊಂಡು ಅಕ್ಷರಕ್ಕೆ ಸರಿಯಾಗಿ ಹಂಚುತ್ತಾರೆ. ಭಿನ್ನರಾಶಿಯನ್ನು ನಾಲಿಗೆಗೆ ಒಪ್ಪಿಸಿ ತಲೆಯನ್ನು ಹಗುರ ಮಾಡಿಕೊಳ್ಳುವ ಈ ಉಪಾಯ ಎಷ್ಟು ಜಾಣತನದ್ದೆಂದು ಗಣಿತದ ತರಗತಿಯಲ್ಲಿ ಯಾರೂ ಹೇಳುವುದಿಲ್ಲ.

ಎರಡನೆಯ ಬಗೆ ಇನ್ನೂ ಸ್ವಾರಸ್ಯಕರ. ಇಲ್ಲಿ ಎಲ್ಲರ ಮಾತ್ರೆಯೂ ಒಂದೇ ವೇಗದ್ದು, ಆದರೆ ಜಾತಿ ಬೇರೆ. ಮೃದಂಗ ನಾಲ್ಕರಲ್ಲಿ ನಡೆದರೆ ಘಟ ಅದೇ ಮಾತ್ರೆಗಳನ್ನು ಐದೈದಾಗಿ ಕಟ್ಟುತ್ತದೆ. ಆಗ ಘಟದ ಒತ್ತು ಒಂದೂಕಾಲು ಸೆಕೆಂಡಿಗೊಮ್ಮೆ ಬೀಳುತ್ತದೆ. ಮೃದಂಗದ ಒತ್ತು ನಿಮಿಷಕ್ಕೆ 60, ಘಟದ್ದು 48. ಕೇಳುವವರಿಗೆ ಎರಡು ವೇಗ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಯಾರೂ ವೇಗ ಬದಲಿಸಿರುವುದಿಲ್ಲ!

ಇದನ್ನು ಹೇಗೆ ರಚಿಸುತ್ತಾರೆ? ವಿಜಯನಗರದಲ್ಲಿ ನಾಲ್ಕು ಮಕ್ಕಳ ಒಂದು ತಾಳವಾದ್ಯ ತಂಡ ಇದೆ ಎಂದಿಟ್ಟುಕೊಳ್ಳೋಣ. ಮೃದಂಗ, ಖಂಜಿರ, ಘಟ, ಮೋರ್ಸಿಂಗ್. ಮೃದಂಗದ ಹುಡುಗಿಗೆ ನಾಲ್ಕು, ಖಂಜಿರಕ್ಕೆ ಮೂರು, ಘಟಕ್ಕೆ ಐದು, ಮೋರ್ಸಿಂಗಿಗೆ ಏಳು ಎಂದು ಹಂಚಿಕೊಂಡು ಆದಿತಾಳದ ಸಮದಲ್ಲಿ ಒಟ್ಟಿಗೆ ಹೊರಡುತ್ತಾರೆ. ಆವರ್ತಕ್ಕೆ 32 ಮಾತ್ರೆ. ನಾಲ್ವರೂ ಮತ್ತೆ ಸಮದಲ್ಲೇ ಕೂಡುವುದು ಯಾವಾಗ? 32, 3, 5, 7ರ ಲಸಾಅ 3360 ಮಾತ್ರೆ, ಅಂದರೆ 105 ಆವರ್ತ, ಅಂದರೆ 14 ನಿಮಿಷ! ಸಭಿಕರು ಎದ್ದು ಪಾನಕದ ಸಾಲಿಗೆ ಹೋಗಿರುತ್ತಾರೆ.

ರಚನೆಕಾರರ ಕೆಲಸ ಇಲ್ಲಿಂದ ಶುರು. ಗಣಿತ ಹೇಳಿದಷ್ಟು ಹೊತ್ತು ಕಾಯದೆ ಎರಡೇ ಆವರ್ತದಲ್ಲಿ, ಅಂದರೆ 64 ಮಾತ್ರೆಯಲ್ಲಿ, ಎಲ್ಲರನ್ನೂ ಸಮಕ್ಕೆ ತರಬೇಕು. ಚೌಕುಳಿ ಹಾಳೆ ತೆಗೆದುಕೊಳ್ಳಿ. ಮೂರನ್ನು 21 ಸಲ ಹಾಕಿದರೆ 63. ಏಳನ್ನು 9 ಸಲ ಹಾಕಿದರೂ 63. ಆದ್ದರಿಂದ ಖಂಜಿರ ಮತ್ತು ಮೋರ್ಸಿಂಗ್ ಎರಡೂ ಮೊದಲ ಒಂದು ಮಾತ್ರೆ ಸುಮ್ಮನಿದ್ದು ಆಮೇಲೆ ಹೊರಟರೆ ಸರಿಯಾಗಿ 64ಕ್ಕೆ ಮುಗಿಯುತ್ತವೆ; ನಡುವೆ 21 ಮಾತ್ರೆಗೊಮ್ಮೆ ಒಂದನ್ನೊಂದು ಮುಟ್ಟಿ ಮಾತಾಡಿಸಿಯೂ ಹೋಗುತ್ತವೆ. ಐದನ್ನು 12 ಸಲ ಹಾಕಿದರೆ 60. ನಾಲ್ಕು ಮಾತ್ರೆ ಉಳಿಯಿತು. ಅದನ್ನು ಕೊನೆಯಲ್ಲಿ ಖಾಲಿ ಬಿಟ್ಟರೆ ಕುಂಟಿದಂತೆ ಕೇಳಿಸುತ್ತದೆ. ಹಾಗಾಗಿ ನಾಲ್ಕು ಐದುಗಳು, ಎರಡು ಮಾತ್ರೆ ಕಾರ್ವೆ. ಮತ್ತೆ ನಾಲ್ಕು ಐದುಗಳು, ಎರಡು ಕಾರ್ವೆ. ಮತ್ತೆ ನಾಲ್ಕು ಐದುಗಳು. ಕೂಡಿಸಿ: 20+2+20+2+20. ಸರಿಯಾಗಿ 64. ಒಂದೇ ಮಾತನ್ನು ಮೂರು ಸಲ ಹೇಳಿ ಸಮಕ್ಕೆ ಬಂದು ನಿಲ್ಲುವ ಈ ಕ್ರಮವೇ ಮುಕ್ತಾಯ. ಮೃದಂಗ ನಾಲ್ಕರಲ್ಲಿ ನೆಟ್ಟಗೆ ನಡೆದು ಎಲ್ಲರನ್ನೂ ಹೊತ್ತಿರುತ್ತದೆ. ಇಡೀ ಆಟ ಮುಗಿಯುವುದು 16 ಸೆಕೆಂಡಿನಲ್ಲಿ. ಆ ಹದಿನೇಳನೆಯ ಸೆಕೆಂಡಿನ ಮೊದಲ ಪೆಟ್ಟು ನಾಲ್ಕು ವಾದ್ಯಗಳ ಮೇಲೂ ಒಟ್ಟಿಗೆ ಬಿದ್ದಾಗ ಸಭೆಯಲ್ಲಿ ತಾನಾಗಿ 'ಭಲೇ' ಎಂಬ ಉದ್ಗಾರ ಏಳುತ್ತದೆ. ಲೆಕ್ಕ ತಿಳಿಯದವರೂ ತಲೆದೂಗುತ್ತಾರೆ.

ಕಾಗದದ ಮೇಲೆ ಇಷ್ಟು ಸುಲಭವಾಗಿ ಕೂಡುವುದು ಕೈಯಲ್ಲಿ ಕೂಡುವುದಿಲ್ಲ. ಕಾರಣ ಕೈಯಲ್ಲಿಲ್ಲ, ಕಿವಿಯಲ್ಲಿದೆ. 1665ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯನ್ ಹೈಗನ್ಸ್ ಕಾಯಿಲೆಯಿಂದ ಕೋಣೆಯಲ್ಲೇ ಇದ್ದಾಗ ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಲೋಲಕದ ಗಡಿಯಾರಗಳನ್ನು ಗಮನಿಸಿದ. ಹೇಗೆ ಶುರು ಮಾಡಿದರೂ ಸ್ವಲ್ಪ ಹೊತ್ತಿನಲ್ಲಿ ಎರಡೂ ಲೋಲಕಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ, ಒಂದೇ ಲಯದಲ್ಲಿ ತೂಗತೊಡಗುತ್ತಿದ್ದವು. ತೊಲೆಯ ಕಾಣದಷ್ಟು ಸಣ್ಣ ಅಲುಗಾಟವೇ ಒಂದನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತಿತ್ತು. ಮನುಷ್ಯರೂ ಹಾಗೆಯೇ. ಪಕ್ಕದವನು ಮೂರರಲ್ಲಿ ನುಡಿಸುತ್ತಿದ್ದರೆ ಐದರಲ್ಲಿ ಇರುವವನ ಕೈ ಗೊತ್ತಿಲ್ಲದಂತೆ ಅತ್ತ ಜಾರುತ್ತದೆ. ನಾಲ್ವರಲ್ಲಿ ಒಬ್ಬ ಜಾರಿದರೂ ಕಟ್ಟಿದ್ದೆಲ್ಲ ಕುಸಿಯುತ್ತದೆ, ಅದೂ ಎಲ್ಲರ ಎದುರಿಗೆ. ಅದಕ್ಕೇ ಇಂಥ ತಂಡಗಳಲ್ಲಿ ತಾಳ ಹಾಕುವವರು ಎದ್ದು ಕಾಣುವಂತೆ ಕೂರುತ್ತಾರೆ. ಕಿವಿ ಪಕ್ಕದವನ ಕಡೆ ಎಳೆದರೂ ಕಣ್ಣು ಆ ಕೈಯನ್ನು ಹಿಡಿದಿರಬೇಕು.

ಕಿವಿಗಿಂತ ಕಣ್ಣನ್ನು ನಂಬುವುದಕ್ಕೆ ಭೌತಶಾಸ್ತ್ರದ ಕಾರಣವೂ ಉಂಟು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ನಮ್ಮ ಮಕ್ಕಳು ಒಂದೇ ಜಮಖಾನೆಯ ಮೇಲೆ ಮೂರು ಮೀಟರಿನೊಳಗೆ ಕೂತಿರುವುದರಿಂದ ಶಬ್ದ ತಲುಪುವ ತಡ ಸೆಕೆಂಡಿನ ನೂರನೆಯ ಒಂದು ಭಾಗವನ್ನೂ ಮೀರುವುದಿಲ್ಲ, ತೊಂದರೆಯಿಲ್ಲ. ದೊಡ್ಡ ಸಭಾಂಗಣದಲ್ಲಿ 34 ಮೀಟರು ದೂರ ಕೂತರೆ? ತಡ 0.1 ಸೆಕೆಂಡು. ಖಂಡ ನಡೆಯಲ್ಲಿ ಅದು ಅರ್ಧ ಮಾತ್ರೆ! ಜರ್ಮನಿಯ ಕಾರ್ಲ್‌ಹೈಂಝ್ ಸ್ಟಾಕ್‌ಹೌಸನ್ 'ಗ್ರುಪ್ಪನ್' ಎಂಬ ಕೃತಿಯನ್ನು ಬರೆದಾಗ ಕೇಳುಗರ ಮೂರು ಬದಿಗೆ ಮೂರು ವಾದ್ಯವೃಂದ ಕೂರಿಸಿ, ಮೂರಕ್ಕೂ ಬೇರೆ ಬೇರೆ ವೇಗ ಕೊಟ್ಟ. ಅಂಥ ಕೃತಿಗೆ ಒಬ್ಬ ನಿರ್ದೇಶಕ ಸಾಲುವುದಿಲ್ಲ. 1958ರಲ್ಲಿ ಕಲೋನ್ ನಗರದಲ್ಲಿ ಅದರ ಮೊದಲ ಪ್ರದರ್ಶನಕ್ಕೆ ಮೂವರು ನಿರ್ದೇಶಕರು ಬೇಕಾದರು, ಅವರಲ್ಲಿ ಅವನೂ ಒಬ್ಬ. ಮೂವರೂ ದೂರದಿಂದ ಒಬ್ಬರ ಕೈಯನ್ನೊಬ್ಬರು ನೋಡಿಕೊಂಡೇ ನಡೆಸಬೇಕು.

ಮನುಷ್ಯರ ಸಹವಾಸವೇ ಬೇಡವೆಂದವನೂ ಒಬ್ಬನಿದ್ದ. ಅಮೆರಿಕದಲ್ಲಿ 1912ರಲ್ಲಿ ಹುಟ್ಟಿ 1940ರಲ್ಲಿ ಮೆಕ್ಸಿಕೋಗೆ ಹೋಗಿ ನೆಲೆಸಿದ ಕಾನ್ಲನ್ ನ್ಯಾನ್‌ಕ್ಯಾರೋ. ತಾನು ಬರೆದದ್ದನ್ನು ನುಡಿಸುವ ವಾದಕರು ಸಿಗದೆ, ಕಾಗದದ ಸುರುಳಿಯಲ್ಲಿ ತೂತು ಕೊರೆದರೆ ತಾನಾಗಿ ನುಡಿಯುವ ಯಾಂತ್ರಿಕ ಪಿಯಾನೋವನ್ನು ನಂಬಿದ. ಒಂದೊಂದೇ ತೂತನ್ನು ಕೈಯಿಂದ ಕೊರೆದ. ಕೆಲವೇ ನಿಮಿಷಗಳ ಸಂಗೀತಕ್ಕೆ ತಿಂಗಳುಗಟ್ಟಲೆ ಕೆಲಸ. ಒಂದು ಕೃತಿಯಲ್ಲಿ 12 ವೇಗಗಳು ಒಟ್ಟಿಗೆ ಇವೆ. ಇನ್ನೊಂದರಲ್ಲಿ ಎರಡು ವೇಗಗಳ ಪ್ರಮಾಣವೇ 2ರ ವರ್ಗಮೂಲವನ್ನು ಆಧರಿಸಿದೆ. ಹತ್ತನೇ ತರಗತಿಯವರು ಇಲ್ಲಿ ಸ್ವಲ್ಪ ನಿಲ್ಲಬೇಕು. 2ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ, ಅದನ್ನು ಎರಡು ಪೂರ್ಣಾಂಕಗಳ ಭಾಗಲಬ್ಧವಾಗಿ ಬರೆಯಲು ಬಾರದು ಎಂದು ಸಾಧಿಸಿದ್ದೀರಲ್ಲ? ಅದರ ಅರ್ಥ ಇದು: ಅಂಥ ಎರಡು ವೇಗದ ಸಮ ಪೆಟ್ಟುಗಳು ಒಮ್ಮೆ ಒಟ್ಟಿಗೆ ಬಿದ್ದರೆ ಮತ್ತೆಂದೂ ಒಟ್ಟಿಗೆ ಬೀಳುವುದಿಲ್ಲ. ಎಷ್ಟು ಜನ್ಮ ಕಾದರೂ ಲಸಾಅ ಇಲ್ಲ, ಸಮವಿಲ್ಲ. ಪರೀಕ್ಷೆಯ ಮೂರು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿದ ಸಾಧನೆಯನ್ನು ಕಿವಿಯಲ್ಲಿ ಕೇಳಬಹುದೆಂದರೆ ಸಣ್ಣ ಸಂಗತಿಯೇ?

ನಮ್ಮಲ್ಲಿ ಯಂತ್ರದ ದಾರಿ ಹಿಡಿಯಲಿಲ್ಲ. ಒಬ್ಬರೇ ಮನುಷ್ಯ ಎರಡಾಗುವ ದಾರಿ ಹಿಡಿದರು. ಪಲ್ಲವಿ ಹಾಡುವಾಗ ಕೈಯ ತಾಳ ಹಾಗೇ ಇರುತ್ತದೆ, ಸಾಹಿತ್ಯ ಎರಡರಷ್ಟು, ನಾಲ್ಕರಷ್ಟು ವೇಗವಾಗುತ್ತದೆ. ಇದು ಅನುಲೋಮ. ಸಾಹಿತ್ಯವನ್ನು ಕದಲಿಸದೆ ತಾಳದ ವೇಗ ಬದಲಿಸಿದರೆ ಪ್ರತಿಲೋಮ. ಇನ್ನೂ ಮುಂದಕ್ಕೆ ಹೋದರೆ ಅವಧಾನ ಪಲ್ಲವಿ. ಎಡಗೈಯಲ್ಲಿ ಒಂದು ತಾಳ, ಬಲಗೈಯಲ್ಲಿ ಇನ್ನೊಂದು, ಬಾಯಲ್ಲಿ ಎರಡಕ್ಕೂ ಹೊಂದುವ ಪಲ್ಲವಿ. ಚೆನ್ನೈಯ ವಿದುಷಿ ಸುಗುಣಾ ಪುರುಷೋತ್ತಮನ್ ಅವರು ಇದಕ್ಕೆ ಹೆಸರಾಗಿದ್ದರು. ಅಷ್ಟಾವಧಾನ, ಶತಾವಧಾನ ನೋಡಿದ ಕನ್ನಡಿಗರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನ ಪಾಲು ಇದರಲ್ಲಿ ದೊಡ್ಡದು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸ್ಥಾಪಿಸಿದರು. ಕಚೇರಿಯಲ್ಲಿ ಹಾಡಿನ ಹಿಂದೆ ಕೂರುವ ಪಕ್ಕವಾದ್ಯಗಳನ್ನು ಮುಂದೆ ತಂದು ಕೂರಿಸಿ, ಅವಕ್ಕೇ ರಚನೆಗಳನ್ನು ಕಟ್ಟಿ, ಪತ್ನಿ ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ದೇಶವಿದೇಶ ಸುತ್ತಿದರು. ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಈ ತಂಡದ ಜತೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಮಾಡಿದ. ಘಟವಾದಕಿ ಸುಕನ್ಯಾ ರಾಮಗೋಪಾಲ್ ಅವರದ್ದು ಇನ್ನೊಂದು ಹಾದಿ. ಹುಡುಗಿಗೆ ಘಟ ಕಷ್ಟವೆಂದು ಗುರು ವಿಕ್ಕು ವಿನಾಯಕರಾಂ ಮೊದಲು ಹಿಂಜರಿದಾಗ, ಅವರ ತಂದೆ ಹರಿಹರ ಶರ್ಮರೇ ಕಲಿಸಲು ಒಪ್ಪಿದರಂತೆ. ಆಕೆ ಬೆಂಗಳೂರಿನಲ್ಲಿ ನೆಲೆಸಿ, ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಸುತ್ತ ಇಟ್ಟುಕೊಂಡು ನುಡಿಸುವ 'ಘಟತರಂಗ'ವನ್ನೂ, ಮಹಿಳೆಯರೇ ಇರುವ 'ಸ್ತ್ರೀ ತಾಳ ತರಂಗ' ತಂಡವನ್ನೂ ಕಟ್ಟಿದರು.

ಇವರೆಲ್ಲರ ಸಾಮಾನ್ಯ ಲಿಪಿ ಕೊನ್ನಕೋಲು, ಬಾಯಲ್ಲಿ ಸೊಲ್ಲು ಹೇಳುವ ಕಲೆ. ಸ್ಟಾಕ್‌ಹೌಸನ್‌ಗೆ ದೊಡ್ಡ ಹಾಳೆಗಳು ಬೇಕಾದವು, ನ್ಯಾನ್‌ಕ್ಯಾರೋಗೆ ಕಾಗದದ ಸುರುಳಿ ಬೇಕಾಯಿತು. ಇಲ್ಲಿ ಗುರು ಬಾಯಲ್ಲಿ ಹೇಳುತ್ತಾನೆ, ಶಿಷ್ಯ ಬಾಯಲ್ಲಿ ಒಪ್ಪಿಸುತ್ತಾನೆ, ಆಮೇಲೆ ವಾದ್ಯ. ಒಂದು ಕಾಲಕ್ಕೆ ಕಚೇರಿಯ ವೇದಿಕೆಯ ಮೇಲೆ ಕೊನ್ನಕೋಲಿನವರಿಗೇ ಪ್ರತ್ಯೇಕ ಜಾಗವಿತ್ತು. ಕ್ರಮೇಣ ಅದು ಪಾಠದ ಕೋಣೆಗೆ ಸರಿದು, ಈಗ ಮತ್ತೆ ಹೊರಗೆ ಬಂದಿದೆ. ಬೆಂಗಳೂರಿನ ಮೃದಂಗ ವಿದ್ವಾನ್ ಬಿ.ಸಿ. ಮಂಜುನಾಥ್ ಅವರು 1, 1, 2, 3, 5, 8, 13 ಎಂದು ಬೆಳೆಯುವ ಫಿಬೊನಾಚಿ ಶ್ರೇಣಿಯನ್ನೇ ಸೊಲ್ಲುಗಳಲ್ಲಿ ಹೇಳಿದ ವಿಡಿಯೋ ಅಂತರ್ಜಾಲದಲ್ಲಿ ಜಗತ್ತನ್ನೇ ಸುತ್ತಿತು. ರಫಾಯೆಲ್ ರೈನಾ ಎಂಬ ಸ್ಪೇನಿನ ಸಂಗೀತ ರಚನೆಕಾರ ಬೆಂಗಳೂರಿನ ವಿದುಷಿ ಜಾಹ್ನವಿ ಜಯಪ್ರಕಾಶ್ ಮೊದಲಾದವರಿಂದ ಕಲಿತು, ಆಮ್‌ಸ್ಟರ್‌ಡ್ಯಾಮಿನ ಸಂಗೀತ ಶಾಲೆಯಲ್ಲಿ ಕರ್ನಾಟಕ ಸಂಗೀತದ ಲಯವನ್ನು ಪಾಶ್ಚಾತ್ಯ ವಿದ್ಯಾರ್ಥಿಗಳಿಗೆ ಕಲಿಸತೊಡಗಿದ. ಅದರ ಮೇಲೆ ಬರೆದ ದಪ್ಪ ಪುಸ್ತಕ 2015ರಲ್ಲಿ ಹೊರಬಂತು. ಅಲ್ಲಿನ ಹುಡುಗರು 'ತಕತಕಿಟ' ಎನ್ನುತ್ತಾ ತಮ್ಮ ಹೊಸ ಸಂಗೀತದ ಬಹುವೇಗಗಳನ್ನು ಬಿಡಿಸಿಕೊಳ್ಳುತ್ತಿದ್ದಾರೆ.

ಇತ್ತ ನಮ್ಮ ವಿಜಯನಗರದ ತಂಡಕ್ಕೆ ಮರಳೋಣ. ಘಟದ ಹುಡುಗ ಹತ್ತನೇ ತರಗತಿಗೆ ಬಂದ. ಬೇಸಿಗೆ ರಜೆಯಲ್ಲೇ ಟ್ಯೂಷನ್ ಶುರುವಾಯಿತು. 'ಈ ಒಂದು ವರ್ಷ ಬಿಡಲಿ, ಆಮೇಲೆ ಮುಂದುವರಿಸಲಿ' ಎಂದರು ಮನೆಯಲ್ಲಿ. ತಂದೆತಾಯಿಯ ಆತಂಕ ಅರ್ಥವಾಗದ್ದೇನಲ್ಲ, ಅಂಕಪಟ್ಟಿಗೆ ಬೆಲೆ ಇರುವ ಕಾಲ. ಆದರೆ ಆ ಒಂದು ವರ್ಷದ ಹಿಂದೆ ಪಿಯುಸಿಯ ಎರಡು ವರ್ಷ ನಿಂತಿರುತ್ತವೆ, ಅದರ ಹಿಂದೆ ಸಿಇಟಿ. ಜೂನಿಯರ್ ಪರೀಕ್ಷೆ ಮುಗಿಸಿ ಸೀನಿಯರ್‌ಗೆ ಕೂರಬೇಕಾದ ವಯಸ್ಸಿನಲ್ಲಿ ಬೆರಳು ಬಿಗಿಯುತ್ತದೆ, ಘಟ ಅಟ್ಟ ಸೇರುತ್ತದೆ. ಸಂಗೀತ ಕಲಿತರೆ ಗಣಿತದ ಅಂಕ ಏರುತ್ತದೆ ಎಂದು ಕೆಲವರು ಪ್ರಚಾರ ಮಾಡುವುದುಂಟು. ಅದನ್ನು ನಂಬಿ ಯಾರೂ ಮೃದಂಗ ಕೊಡಿಸಬೇಕಾಗಿಲ್ಲ. ಲಸಾಅ ಕಲಿಯಲು ಲಸಾಅ ಮಾಡಿದರೆ ಸಾಕು. ಬಿಡಿಸುವ ಮುನ್ನ ಇನ್ನೊಂದು ಲೆಕ್ಕ ನೋಡಲಿ. ಐದರವನು ಹೋದರೆ ಉಳಿದದ್ದು 32, 3 ಮತ್ತು 7. ಲಸಾಅ 672 ಮಾತ್ರೆ, 21 ಆವರ್ತ, 2 ನಿಮಿಷ 48 ಸೆಕೆಂಡು. ಹದಿನಾಲ್ಕು ನಿಮಿಷದ ವಿಸ್ತಾರ ಮೂರು ನಿಮಿಷದೊಳಗೆ ಬಂತು. ಉಳಿದ ಮೂವರ ಮುಕ್ತಾಯದಲ್ಲಿ 20+2+20+2+20ರ ಪದರ ಇಲ್ಲ. ನುಡಿಸುವುದೇನೋ ನುಡಿಸುತ್ತಾರೆ, ಆದರೆ ಅದು ಬೇರೆ ರಚನೆ. ವಾರಕ್ಕೊಂದು ಗಂಟೆ, ಭಾನುವಾರ ಬೆಳಗ್ಗೆ, ತಂಡದ ಅಭ್ಯಾಸಕ್ಕೆ ಮಾತ್ರ ಕಳಿಸುವುದಾದರೂ ಆದೀತೇ ಎಂದು ಮೃದಂಗದ ಹುಡುಗಿಯ ತಾಯಿ ಹೋಗಿ ಕೇಳಬಹುದು. ಕೇಳಿದರೆ ತಪ್ಪೇನಿಲ್ಲ.

ಮನೆಯಲ್ಲಿ ಮಾಡಿ ನೋಡಲು ಒಂದು ಕೆಲಸ. ಮೇಜಿನ ಮುಂದೆ ಕೂತು ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು ಪೆಟ್ಟು ಒಂದೇ ಅವಧಿಯಲ್ಲಿ ಹಾಕಬೇಕು. ಚೌಕುಳಿಯಲ್ಲಿ 6 ಮನೆ ಬರೆಯಿರಿ. ಬಲಗೈಗೆ 1, 3, 5ನೆಯ ಮನೆ. ಎಡಗೈಗೆ 1 ಮತ್ತು 4. ಮೊದಲು ನಿಧಾನವಾಗಿ, ಆಮೇಲೆ ಎಣಿಸದೆ. ಇದು ಕೈಗೆ ಹತ್ತಿದ ಮೇಲೆ ಮೂರಕ್ಕೆ ನಾಲ್ಕು, 12 ಮನೆ. ಅಮ್ಮನೋ ಅಜ್ಜಿಯೋ ಎದುರು ಕೂತು ತಾಳ ಹಾಕಿದರೆ ಬೇಗ ಬರುತ್ತದೆ. ಮುಸುರೆ ತೊಳೆಯುವವರ ತಾಳ್ಮೆ ನೋಡಿಕೊಂಡು ಪಾತ್ರೆಗಳ ಮೇಲೆ ಮಾತ್ರ ಅಭ್ಯಾಸ ಬೇಡ.

ಇನ್ನೊಂದು ಲೆಕ್ಕ, ಬಿಡಿಸಿದವರು ತಮ್ಮ ಮೇಷ್ಟ್ರಿಗೆ ತೋರಿಸಬಹುದು. ಆದಿತಾಳದ ಬದಲು ಮೂರು ಅಕ್ಷರದ ರೂಪಕ ತಾಳ, ಅಕ್ಷರಕ್ಕೆ ನಾಲ್ಕು ಮಾತ್ರೆ, ಸೆಕೆಂಡಿಗೆ ಒಂದು ಅಕ್ಷರ. ಅದೇ ನಾಲ್ವರು ಮಕ್ಕಳು, ಘಟದ ಹುಡುಗನೂ ಇದ್ದಾನೆ. ಸಮದಲ್ಲಿ ಹೊರಟ ನಾಲ್ವರೂ ಮತ್ತೆ ಸಮದಲ್ಲಿ ಕೂಡಲು ಎಷ್ಟು ಆವರ್ತ ಬೇಕು? ಉತ್ತರ 35 ಆವರ್ತ, ಅಂದರೆ 1 ನಿಮಿಷ 45 ಸೆಕೆಂಡು. ಮೇಲೆ ಬಂದ 420 ಎಂಬ ಸಂಖ್ಯೆ ಇಲ್ಲಿ ಮತ್ತೆ ಹೇಗೆ ಬಂತು ಎಂಬುದನ್ನು ನೀವೇ ಕಂಡುಹಿಡಿಯಿರಿ.